ಎಲೆಯೊಳಗಿನ ಹರಿವಿಗೆ ಒಡ್ಡಿದ ಕೊಡ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳೆಯ ಮನೆಗಳ ಅಬ್ಬಿ ನೀರನ್ನು ನೀವು ನೋಡಿರಬಹುದು, ಇಲ್ಲವೇ ಹಿರಿಯರಿಂದ ಕೇಳಿರಬಹುದು. ಸೀಳಿದ ಅಡಿಕೆ ಮರದ ದಬ್ಬೆಗಳನ್ನು ಒಂದಕ್ಕೊಂದು ಜೋಡಿಸಿ ಗುಡ್ಡದ ಒರತೆಯ ನೀರನ್ನು ಬಚ್ಚಲಿನವರೆಗೆ ತರುತ್ತಿದ್ದರು. ಒಂದು ದಿನ ಬಚ್ಚಲಿಗೆ ನೀರು ಬರಲಿಲ್ಲವೆನ್ನಿ. ದೋಷವನ್ನು ಹುಡುಕುವುದು ಹೇಗೆ? ಒಂದೊಂದು ಸಂದಿನಲ್ಲೂ ಕೊಡ ಒಡ್ಡಿ ನೋಡಬೇಕು. ಮೇಲಿನ ಸಂದಿನಲ್ಲಿ ಕೊಡ ತುಂಬಿ, ಕೆಳಗಿನದರಲ್ಲಿ ತುಂಬದಿದ್ದರೆ ದೋಷ ಅವೆರಡರ ನಡುವೆ ಇದೆ.

ಹಸಿರೆಲೆಯ ಒಳಗೂ ಇಂಥದೊಂದು ಹರಿವು ಇದೆ. ಅಲ್ಲಿ ಹರಿಯುವುದು ಎಲೆಕ್ಟ್ರಾನುಗಳು. ಬೆಳಕಿನ ಬಲದಿಂದ ನೀರಿನ ಅಣು ಒಡೆದು, ಆಮ್ಲಜನಕ ಹೊರಬೀಳುತ್ತದೆ. ನೀರಿನಿಂದ ಬಂದ ಎಲೆಕ್ಟ್ರಾನುಗಳು ಎರಡನೆಯ ದ್ಯುತಿವ್ಯವಸ್ಥೆ, ಪ್ಲಾಸ್ಟೋಕ್ವಿನೋನ್, ಸೈಟೋಕ್ರೋಮ್, ಪ್ಲಾಸ್ಟೋಸಯನಿನ್, ಮೊದಲನೆಯ ದ್ಯುತಿವ್ಯವಸ್ಥೆ, ಫೆರೆಡಾಕ್ಸಿನ್ ಎಂದು ಕೈಯಿಂದ ಕೈಗೆ ದಾಟಿ ಕೊನೆಗೆ ಎನ್‌ಎಡಿಪಿ ಎಂಬ ವಸ್ತುವನ್ನು ಸೇರುತ್ತವೆ. (ಎರಡನೆಯದು ಮೊದಲು, ಮೊದಲನೆಯದು ಆಮೇಲೆ! ಕಂಡುಹಿಡಿದ ಕ್ರಮದಲ್ಲಿ ಹೆಸರಿಟ್ಟದ್ದರಿಂದ ಆದ ಗೊಂದಲವಿದು.) ಈ ಸಾಲಿನ ನಡುವೆ ಒಡ್ಡುವ ಕೊಡಗಳೇ ಕೃತಕ ಎಲೆಕ್ಟ್ರಾನ್ ಗ್ರಾಹಕಗಳು.

ಮೊದಲ ಕೊಡ ಒಡ್ಡಿದವರು ಕೇಂಬ್ರಿಜ್‌ನ ರಾಬರ್ಟ್ ಹಿಲ್. ಎಲೆಗಳನ್ನು ಅರೆದು ಬೇರ್ಪಡಿಸಿದ ಕ್ಲೋರೋಪ್ಲಾಸ್ಟುಗಳಿಗೆ ಅವರು ಫೆರಿಕ್ ಆಕ್ಸಲೇಟ್ ಎಂಬ ಕಬ್ಬಿಣದ ಲವಣವನ್ನು ಸೇರಿಸಿ ಬೆಳಕಿಗೆ ಹಿಡಿದರು. ಆಮ್ಲಜನಕ ಹೊರಬಂದಿತು! ಇದು 1937ರ ಮಾತು. ಅದರ ಮಹತ್ವ ಗಮನಿಸಿ: ಅಲ್ಲಿ ಇಂಗಾಲದ ಡೈಆಕ್ಸೈಡ್ ಸಕ್ಕರೆಯಾಗಿರಲಿಲ್ಲ; ಆದರೂ ಆಮ್ಲಜನಕ ಬಂದಿತು. ಅಂದರೆ ಆಮ್ಲಜನಕ ಬಿಡುವ ಕೆಲಸ ಬೇರೆ, ಸಕ್ಕರೆ ಕಟ್ಟುವ ಕೆಲಸ ಬೇರೆ. 1941ರಲ್ಲಿ ರೂಬೆನ್, ಕೇಮನ್ ಮತ್ತು ಸಂಗಡಿಗರು ಭಾರದ ಆಮ್ಲಜನಕವನ್ನು ಗುರುತಾಗಿ ಬಳಸಿ, ಹೊರಬರುವ ಆಮ್ಲಜನಕ ನೀರಿನದೇ ಎಂಬುದಕ್ಕೆ ಬಲವಾದ ಆಧಾರ ಒದಗಿಸಿದರು.

ಹಿಲ್ ಪ್ರಯೋಗವನ್ನು ನಿಮ್ಮ ಕಾಲೇಜಿನಲ್ಲಿಯೂ ಮಾಡಬಹುದು. ಡಿಸಿಪಿಐಪಿ ಎಂಬ ನೀಲಿ ಬಣ್ಣವಿದೆ. ಎಲೆಕ್ಟ್ರಾನುಗಳನ್ನು ಪಡೆದು ಅಪಕರ್ಷಣೆಗೊಂಡರೆ ಅದು ಬಣ್ಣ ಕಳೆದುಕೊಳ್ಳುತ್ತದೆ. ತಾಜಾ ಪಾಲಕ್ ಎಲೆಗಳನ್ನು ಮಂಜುಗಡ್ಡೆಯಲ್ಲಿ ತಣಿಸಿದ ಸಕ್ಕರೆ ದ್ರಾವಣದಲ್ಲಿ (ಲೀಟರಿಗೆ ಸುಮಾರು 137 ಗ್ರಾಂ ಸಕ್ಕರೆ, ಜೊತೆಗೆ ಪಿಎಚ್ 7ರ ಫಾಸ್ಫೇಟ್ ಬಫರ್) ಬೇಗ ಅರೆದು, ತೆಳುಬಟ್ಟೆಯಲ್ಲಿ ಸೋಸಿಕೊಳ್ಳಿ. ವೀಳ್ಯದೆಲೆ, ಮಾವಿನೆಲೆ ಬೇಡ. ಅವುಗಳಲ್ಲಿರುವ ಫೀನಾಲುಗಳು ಅರೆಯುವಾಗಲೇ ಕ್ಲೋರೋಪ್ಲಾಸ್ಟುಗಳನ್ನು ಕೆಡಿಸುತ್ತವೆ. ಬಸಳೆ ಲೋಳೆಯಾಗಿ ಸೋಸಲು ಬಾರದು. ಸೋಸಿದ ಹಸಿರು ರಸಕ್ಕೆ ಸ್ವಲ್ಪ ನೀಲಿ ಬಣ್ಣ ಹಾಕಿ ಎರಡು ಪ್ರನಾಳಗಳಿಗೆ ಹಂಚಿ. ಒಂದನ್ನು ಬೆಳಕಿನಲ್ಲಿಡಿ, ಇನ್ನೊಂದಕ್ಕೆ ಕಪ್ಪು ಕಾಗದ ಸುತ್ತಿ. ಮೂರನೆಯದಕ್ಕೆ ಮೊದಲೇ ಕುದಿಸಿದ ರಸ ಹಾಕಿ, ಬಣ್ಣ ಸೇರಿಸಿ ಬೆಳಕಿನಲ್ಲಿಡಿ. ಬೆಳಕಿನಲ್ಲಿಟ್ಟ ಹಸಿ ರಸದಲ್ಲಿ ನೀಲಿ ಹೋಗಿ ಬರೀ ಹಸಿರು ಉಳಿಯಬೇಕು.

ಕತ್ತಲ ಪ್ರನಾಳ ಏಕೆ ಬೇಕು? ಈ ಬಣ್ಣವನ್ನೇ ವಿಟಮಿನ್ ‘ಸಿ’ ಅಳೆಯಲೂ ಬಳಸುತ್ತಾರೆ. ನಿಂಬೆರಸದ ನಾಲ್ಕು ಹನಿ ಬಿದ್ದರೆ ಕತ್ತಲಲ್ಲೂ ಅದು ಬಿಳುಚುತ್ತದೆ. ಎಲೆಯ ರಸದಲ್ಲೂ ಆ ವಿಟಮಿನ್ ಇರುವುದರಿಂದ ಕತ್ತಲಲ್ಲಿ ನೀಲಿ ಎಷ್ಟು ಇಳಿಯಿತೋ ಅಷ್ಟನ್ನು ಕಳೆದೇ ಲೆಕ್ಕ ಹಿಡಿಯಬೇಕು. ಕತ್ತಲ ಪ್ರನಾಳವಿಲ್ಲದ ಹಿಲ್ ಪ್ರಯೋಗಕ್ಕೆ ಬೆಲೆಯಿಲ್ಲ.

ಎಲ್ಲ ಕೊಡಗಳೂ ಒಂದೇ ಸಂದಿನಲ್ಲಿ ಕೂರುವುದಿಲ್ಲ. ಡಿಸಿಪಿಐಪಿ ಹೆಚ್ಚಾಗಿ ಎರಡು ದ್ಯುತಿವ್ಯವಸ್ಥೆಗಳ ನಡುವೆ ಎಲೆಕ್ಟ್ರಾನ್ ಪಡೆಯುತ್ತದೆ. ಮಿಥೈಲ್ ವಯೊಲೊಜೆನ್ ಪಡೆಯುವುದು ಮೊದಲನೆಯ ದ್ಯುತಿವ್ಯವಸ್ಥೆಯ ಆಚೆಯ ತುದಿಯಲ್ಲಿ. ಈಗ ಡಯುರಾನ್ ಎಂಬ ಕಳೆನಾಶಕವನ್ನು ಹಾಕಿದಿರೆನ್ನಿ: ಎರಡು ಕೊಡಗಳೂ ಬರಿದು. ದಬ್ಬೆ ಕಟ್ಟಿದ್ದು ಎರಡಕ್ಕೂ ಮೇಲೆ ಎಂದಾಯಿತು. ಆಗ ಸಾಲಿನ ನಡುವಿಗೆ ಹೊರಗಿನಿಂದ ಎಲೆಕ್ಟ್ರಾನ್ ಸುರಿಯುತ್ತಾರೆ. ವಿಟಮಿನ್ ‘ಸಿ’ ಮತ್ತು ಚೂರು ಡಿಸಿಪಿಐಪಿ ಸೇರಿದರೆ ಕೊಡುವ ಕೈಯಾಗುತ್ತದೆ. ತೆಗೆದುಕೊಳ್ಳುತ್ತಿದ್ದ ಬಣ್ಣ ಇಲ್ಲಿ ದಾನಿ! ಕೆಳಗಿನ ಕೊಡ ಮತ್ತೆ ತುಂಬತೊಡಗುತ್ತದೆ. ಹೀಗೆ, ಡಯುರಾನ್ ಎರಡನೆಯ ದ್ಯುತಿವ್ಯವಸ್ಥೆಯಿಂದ ಪ್ಲಾಸ್ಟೋಕ್ವಿನೋನಿಗೆ ದಾಟುವ ಜಾಗದಲ್ಲೇ ಹರಿವನ್ನು ತಡೆಯುತ್ತದೆಂಬ ತಿಳಿವಿಗೆ ದಾರಿಯಾಯಿತು.

ಮಿಥೈಲ್ ವಯೊಲೊಜೆನ್ ಎಂಬ ಹೆಸರು ಕೇಳಿಲ್ಲವೆ? ಪ್ಯಾರಾಕ್ವಾಟ್ ಎಂದರೆ ಗೊತ್ತಾದೀತು. ಮೈಕೆಲಿಸ್ 1933ರಲ್ಲಿ ಪ್ರಯೋಗಾಲಯದ ಬಣ್ಣಸೂಚಕವಾಗಿ ವರ್ಣಿಸಿದ ಈ ವಸ್ತು 1962ರಲ್ಲಿ ಕಳೆನಾಶಕವಾಗಿ ಮಾರುಕಟ್ಟೆಗೆ ಬಂದಿತು. ಇದು ತಳವಿಲ್ಲದ ಕೊಡ: ಪಡೆದ ಎಲೆಕ್ಟ್ರಾನನ್ನು ಒಡನೆಯೇ ಆಮ್ಲಜನಕಕ್ಕೆ ದಾಟಿಸಿ ಸೂಪರಾಕ್ಸೈಡ್ ಎಂಬ ಉಗ್ರ ವಸ್ತುವನ್ನು ಹುಟ್ಟಿಸಿ, ಮತ್ತೆ ಖಾಲಿಯಾಗಿ ಬಂದು ಕೈಯೊಡ್ಡುತ್ತದೆ. ಸೂಪರಾಕ್ಸೈಡಿನಿಂದ ಹುಟ್ಟುವ ವಸ್ತುಗಳು ಜೀವಕೋಶದ ಪೊರೆಗಳನ್ನು ಸುಡುತ್ತವೆ. ಬಿಸಿಲಿನಲ್ಲಿ ಸಿಂಪಡಿಸಿದ ಕಳೆ ಕೆಲವೇ ಗಂಟೆಗಳಲ್ಲಿ ಬಾಡುವುದು, ಕತ್ತಲಲ್ಲಿಟ್ಟರೆ ಬಹಳ ಹೊತ್ತು ಹಸಿರಾಗಿರುವುದು ಇದಕ್ಕಾಗಿ.

ಮನುಷ್ಯನ ದೇಹದಲ್ಲಿ ಮಾತ್ರ ಅದಕ್ಕೆ ಬೆಳಕೂ ಬೇಡ. ನಮ್ಮ ಜೀವಕೋಶಗಳ ಕಿಣ್ವಗಳೇ ಅದಕ್ಕೆ ಎಲೆಕ್ಟ್ರಾನ್ ಒದಗಿಸುತ್ತವೆ. ಶ್ವಾಸಕೋಶದ ಕೋಶಗಳು ಅದನ್ನು ತಾವಾಗಿಯೇ ಎಳೆದುಕೊಳ್ಳುತ್ತವೆ. ಆಮ್ಲಜನಕ ಹೇರಳವಾಗಿರುವ ಜಾಗವೂ ಅದೇ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಒಂದೆರಡು ಗುಟುಕು ಸಾಕು, ಪ್ರಾಣ ಹೋಗಲು. ಆದ್ದರಿಂದ ಕೊಟ್ಟಿಗೆಯ ಮೂಲೆಯಲ್ಲಿ ಶರಬತ್ತಿನ ಬಾಟಲಿಗೆ ಸುರಿದಿಟ್ಟ ಪ್ಯಾರಾಕ್ವಾಟ್ ಕಂಡರೆ ನೀವು ಮುಟ್ಟದೆ ಮನೆಯ ದೊಡ್ಡವರಿಗೆ ತಿಳಿಸಿ. ಅದು ಚೀಟಿಯಿರುವ ಅದರದೇ ಡಬ್ಬಿಯಲ್ಲಿ, ಬೀಗದೊಳಗೆ ಇರಬೇಕಾದದ್ದು. ಯಾರಾದರೂ ಕುಡಿದದ್ದು ತಿಳಿದರೆ, ಅವರು ಆರಾಮಾಗಿ ಕಂಡರೂ ಕಾಯಬೇಡಿ. ಡಬ್ಬಿಯ ಚೀಟಿಯೊಡನೆ ತಕ್ಷಣ ಆಸ್ಪತ್ರೆಗೆ ಹೊರಡಿ. ಅಲ್ಲಿ ವೈದ್ಯರು ಉಸಿರು ಕಟ್ಟುತ್ತಿರುವವರಿಗೂ ಆಮ್ಲಜನಕ ಕೊಡಲು ಹಿಂದೆಮುಂದೆ ನೋಡಿದರೆ ಗಾಬರಿಯಾಗಬೇಡಿ. ಹೆಚ್ಚು ಆಮ್ಲಜನಕವೆಂದರೆ ಆ ತಳವಿಲ್ಲದ ಕೊಡಕ್ಕೆ ಹೆಚ್ಚು ಕೆಲಸ.