ಗಿಡ ಬಾಡ್ತಿದೆ ಅಂತ ನೀರು ಸುರಿಯಬೇಡಿ: ಮೊದಲು ಮಣ್ಣಿಗೆ ಬೆರಳಿಟ್ಟು ನೋಡಿ

ಚಳ್ಳಕೆರೆ: ಅಂಗಡಿ ಓಪನಿಂಗ್ ದಿನ ಉಡುಗೊರೆಯಾಗಿ ಬಂದ ಮನಿ ಪ್ಲಾಂಟ್, ನರ್ಸರಿಯಿಂದ ಆಸೆಪಟ್ಟು ತಂದ ಅರೆಕಾ ಪಾಮ್, ಮನೆ ಮುಂದಿನ ತುಳಸಿ. ತಂದಾಗ ನಳನಳಿಸುತ್ತಿದ್ದ ಗಿಡ ಎರಡು ಮೂರು ತಿಂಗಳಲ್ಲಿ ಹಳದಿಯಾಗಿ, ಎಲೆ ಜೋತು ಬೀಳುತ್ತದೆ. ಆಗ ಎಲ್ಲರೂ ಮಾಡುವ ಮೊದಲ ಕೆಲಸ ಒಂದು ಚೊಂಬು ನೀರು ಹಾಕೋದು. ಮರುದಿನ ಇನ್ನೊಂದು ಚೊಂಬು. ಸ್ವಲ್ಪ ದಿನದಲ್ಲೇ ಗಿಡ ಹೋಯ್ತು, ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯ್ತು.

ಹೌದು, ಮನೆ ಮತ್ತು ಅಂಗಡಿ ಒಳಗಿನ ಕುಂಡದ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಜಾಸ್ತಿಯಾಗಿ ಸಾಯುವುದೇ ಹೆಚ್ಚು. ಆದರೆ ಬಾಡಿದ ಗಿಡವೆಲ್ಲ ಸತ್ತ ಗಿಡವಲ್ಲ. ಸರಿಯಾದ ಸಮಯಕ್ಕೆ ಗುರುತಿಸಿದರೆ ಬಹಳಷ್ಟು ಗಿಡಗಳನ್ನು ಖರ್ಚಿಲ್ಲದೆ ಉಳಿಸಿಕೊಳ್ಳಬಹುದು.

ನೀರಿದ್ದರೂ ಬಾಡೋದು ಯಾಕೆ?

ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಸದಾ ನೀರೇ ತುಂಬಿಕೊಂಡರೆ ಬೇರಿಗೆ ಉಸಿರಾಡಲು ಆಗುವುದಿಲ್ಲ, ಕೊಳೆಯಲು ಶುರುವಾಗುತ್ತದೆ. ಕೊಳೆತ ಬೇರು ನೀರು ಎಳೆಯಲ್ಲ. ಹಾಗಾಗಿ ಮಣ್ಣು ಒದ್ದೆ ಇದ್ದರೂ ಎಲೆ ಬಾಡುತ್ತದೆ. ನೋಡಿದವರು ನೀರು ಸಾಲದು ಅಂದುಕೊಂಡು ಮತ್ತೆ ಸುರಿಯುತ್ತಾರೆ. ಗಿಡ ಕೈತಪ್ಪುವುದು ಇಲ್ಲೇ.

ಪರೀಕ್ಷೆ ಸುಲಭ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ. ಒಳಗೆ ತೇವ ಇದ್ದರೆ ನೀರು ಬೇಡ. ಒಣಗಿದ್ದರೆ ಮಾತ್ರ ತಳದ ತೂತಿನಿಂದ ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಸ್ನೇಕ್ ಪ್ಲಾಂಟ್, ಲೋಳೆಸರದಂಥ ದಪ್ಪ ಎಲೆಯ ಗಿಡಗಳಿಗೆ ಮಣ್ಣು ಪೂರ್ತಿ ಒಣಗುವವರೆಗೂ ಕಾಯಬೇಕು. ನೆರಳಲ್ಲಿಟ್ಟ ಸ್ನೇಕ್ ಪ್ಲಾಂಟ್‌ಗೆ ಎರಡು ಮೂರು ವಾರಕ್ಕೊಮ್ಮೆ ನೀರು ಸಾಕು.

ಇನ್ನು ಕುಂಡದ ತಳದಲ್ಲಿ ತೂತು ಇದೆಯೇ ನೋಡಿಕೊಳ್ಳಿ. ಅಂಗಡಿಗಳಲ್ಲಿ ಅಂದಕ್ಕೆಂದು ಇಡುವ ಸೆರಾಮಿಕ್ ಪಾಟ್‌ಗಳಲ್ಲಿ ಎಷ್ಟೋ ಸಲ ತೂತೇ ಇರುವುದಿಲ್ಲ. ಅಂಥದ್ದರಲ್ಲಿ ನೇರವಾಗಿ ಗಿಡ ನೆಡುವ ಬದಲು, ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಅದನ್ನು ಒಳಗೆ ಇಡಬಹುದು.

ಬೇರು ಕೊಳೆತಿದ್ದರೆ ಹೀಗೆ ಮಾಡಿ

ಗಿಡವನ್ನು ಕುಂಡದಿಂದ ನಿಧಾನಕ್ಕೆ ಹೊರತೆಗೆದು ಬೇರು ನೋಡಿ. ಬೆಳ್ಳಗೆ, ಗಟ್ಟಿಯಾಗಿದ್ದರೆ ಚೆನ್ನಾಗಿದೆ. ಕಪ್ಪಾಗಿ, ಮುಟ್ಟಿದರೆ ಮೆತ್ತಗಾಗಿ, ಕೆಟ್ಟ ವಾಸನೆ ಬರುತ್ತಿದ್ದರೆ ಅದು ಕೊಳೆತ ಬೇರು. ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕೊಳೆತ ಭಾಗವನ್ನಷ್ಟೇ ಕತ್ತರಿಸಿ ತೆಗೆಯಿರಿ. ಬೇರು ಕಡಿಮೆಯಾದಷ್ಟು ಎಲೆಯನ್ನೂ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಉಳಿದ ಬೇರಿಗೆ ಅಷ್ಟು ಎಲೆ ಸಾಕಲು ಆಗಲ್ಲ.

ಹೊಸ ಮಣ್ಣಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎರೆಹುಳು ಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಹೊಲದ ಕಪ್ಪು ಎರೆಮಣ್ಣನ್ನೇ ತಂದು ಕುಂಡಕ್ಕೆ ತುಂಬಬೇಡಿ. ಅದು ನೀರು ಬಿದ್ದಾಗ ಅಂಟಾಗಿ ನೀರು ಇಳಿಯಲು ಬಿಡಲ್ಲ, ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಕುಂಡ ತೀರಾ ದೊಡ್ಡದಾದರೂ ಕಷ್ಟವೇ. ಸಣ್ಣ ಬೇರು ಕುಡಿಯಲಾರದಷ್ಟು ನೀರನ್ನು ಅಷ್ಟೊಂದು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ.

ನೆಟ್ಟ ಮೇಲೆ ಹದಿನೈದು ಇಪ್ಪತ್ತು ದಿನ ಬಿಸಿಲು ನೇರವಾಗಿ ಬೀಳದ ಬೆಳಕಿನಲ್ಲಿ ಇಡಿ. ಹಳದಿಯಾದ ಎಲೆ ಮತ್ತೆ ಹಸಿರಾಗಲ್ಲ, ಅದನ್ನು ಕಾಯಬೇಡಿ. ಹೊಸ ಚಿಗುರು ಬಂತಾ ಅನ್ನೋದನ್ನು ನೋಡಿ.

ಬುಡದ ಕಾಂಡವೇ ಕೊಳೆತು ಮೆತ್ತಗಾಗಿದ್ದರೆ ಆ ಗಿಡ ಉಳಿಯುವುದು ಕಷ್ಟ. ಆದರೆ ಮನಿ ಪ್ಲಾಂಟ್ ಆಗಿದ್ದರೆ ಮೇಲಿನ ಗಟ್ಟಿ ಬಳ್ಳಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನ ಬಾಟಲಿಯಲ್ಲಿಡಿ. ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಮನಿ ಪ್ಲಾಂಟ್ ಕದ್ದು ತಂದರೆ ಮಾತ್ರ ಚಿಗುರುತ್ತೆ ಅನ್ನೋ ಮಾತಿದೆ. ಕೇಳಿ ತಂದರೂ ಚಿಗುರುತ್ತೆ, ಗೆಣ್ಣು ಇರಬೇಕು ಅಷ್ಟೇ. ಗೆಣ್ಣಿಲ್ಲದ ಬರೀ ಎಲೆ ತಂದರೆ ಅದರಿಂದ ಬಳ್ಳಿ ಬರಲ್ಲ.

ದಾಸವಾಳ, ಗುಲಾಬಿಯಂಥ ಕಡ್ಡಿ ಗಿಡ ಒಣಗಿದಂತೆ ಕಂಡರೆ ಉಗುರಿನಿಂದ ತೊಗಟೆ ಸ್ವಲ್ಪ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ಒಣ ಭಾಗವನ್ನು ಹಸಿರು ಕಾಣುವವರೆಗೆ ಕತ್ತರಿಸಿದರೆ ಮತ್ತೆ ಚಿಗುರಬಹುದು.

ತುಳಸಿ ಒಣಗಿದರೆ ಅಪಶಕುನವೇ?

ಮನೆಯ ತುಳಸಿ ಒಣಗಿದರೆ ಹಿರಿಯರು ಆತಂಕಪಡುತ್ತಾರೆ. ಆದರೆ ಕಾರಣ ಹೆಚ್ಚಾಗಿ ಕುಂಡದಲ್ಲೇ ಇರುತ್ತದೆ. ತುಳಸಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಕಿಟಕಿ ಗ್ರಿಲ್ ಒಳಗೆ, ಮೆಟ್ಟಿಲ ಕೆಳಗೆ ಇಟ್ಟರೆ ಸೊರಗುತ್ತದೆ. ಪೂಜೆಯ ಹೆಸರಲ್ಲಿ ಮನೆಮಂದಿಯೆಲ್ಲ ದಿನಾ ಒಂದೊಂದು ಚೊಂಬು ನೀರು, ಹಾಲು ಹಾಕಿದರೆ ಸಣ್ಣ ಕುಂಡದ ಬೇರು ತಡೆಯಲ್ಲ. ಪೂಜೆಗೆ ಒಂದು ಉದ್ಧರಣೆ ನೀರು ಸಾಕು. ಗಿಡಕ್ಕೆ ಬೇಕಾದ ನೀರನ್ನು ಮಣ್ಣು ನೋಡಿ ಬೇರೆಯಾಗಿ ಹಾಕಿ. ದೀಪವನ್ನು ಎಲೆಗೆ ಶಾಖ ತಾಗದಷ್ಟು ದೂರ ಇಡಿ.

ತೆನೆ ಬಂದಾಗ ಚಿವುಟದೆ ಬಿಟ್ಟರೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗಿ ಎಲೆ ಉದುರುತ್ತದೆ. ಆಗಾಗ ತೆನೆ ಚಿವುಟುತ್ತಿದ್ದರೆ ಪಕ್ಕದಲ್ಲಿ ಕವಲೊಡೆದು ಪೊದೆಯಾಗುತ್ತದೆ. ಒಂದೆರಡು ತೆನೆಯ ಬೀಜ ಉದುರಿಸಿ ಸಸಿ ಮಾಡಿಟ್ಟುಕೊಳ್ಳಿ. ಹಳೇ ಗಿಡಕ್ಕೆ ವಯಸ್ಸಾಗಿ ಹೋದರೂ ಕಟ್ಟೆ ಖಾಲಿ ಬೀಳಲ್ಲ.

ಬೋರ್‌ವೆಲ್ ನೀರಿನ ಬಿಳಿ ಕಲೆ

ಚಳ್ಳಕೆರೆ, ಹಿರಿಯೂರು ಭಾಗದಂಥ ಮಳೆ ಕಡಿಮೆ ಇರುವ ಕಡೆ ಬೋರ್‌ವೆಲ್ ನೀರು ಗಡಸು. ಇದೇ ನೀರು ಹಾಕುತ್ತಾ ಹೋದರೆ ಮಣ್ಣಿನ ಮೇಲೆ, ಮಣ್ಣಿನ ಕುಂಡದ ಹೊರಗೆ ಬಿಳಿ ಪದರ ಕೂರುತ್ತದೆ. ಅದು ಉಪ್ಪಿನಂಶ. ಅದು ಹೆಚ್ಚಾದಾಗ ಎಲೆಯ ತುದಿ ಸುಟ್ಟಂತೆ ಕಂದಾಗುತ್ತದೆ. ಅರೆಕಾ ಪಾಮ್‌ನಲ್ಲಿ ಇದು ಬೇಗ ಕಾಣುತ್ತದೆ.

ಪರಿಹಾರ ಇಷ್ಟೇ. ಮೇಲಿನ ಬಿಳಿ ಮಣ್ಣನ್ನು ಕೆರೆದು ತೆಗೆಯಿರಿ. ಮಳೆಗಾಲದಲ್ಲಿ ಕುಂಡಗಳನ್ನು ಒಂದೆರಡು ಮಳೆಗೆ ಹೊರಗಿಡಿ, ಉಪ್ಪು ತೊಳೆದು ಹೋಗುತ್ತದೆ. ಸಾಧ್ಯವಾದರೆ ಬಕೆಟ್‌ನಲ್ಲಿ ಮಳೆ ನೀರು ಹಿಡಿದಿಡಿ. ಆರ್‌ಒ ಫಿಲ್ಟರ್‌ನ ವೇಸ್ಟ್ ಪೈಪಿನ ನೀರನ್ನು ಕೆಲವರು ಉಳಿತಾಯ ಅಂತ ಗಿಡಕ್ಕೆ ಹಾಕುತ್ತಾರೆ. ಫಿಲ್ಟರ್ ಬೇರ್ಪಡಿಸಿದ ಉಪ್ಪೆಲ್ಲ ಇರುವುದು ಆ ನೀರಿನಲ್ಲೇ. ಅದನ್ನು ನೆಲ ತೊಳೆಯಲು ಬಳಸಿ, ಕುಂಡಕ್ಕೆ ಬೇಡ.

ಅಂಗಡಿ ಗಿಡ ಅಂದವಾಗಿ ಕಾಣಲು

ಬಳ್ಳಿ ಉದ್ದಕ್ಕೆ ಎಳೆದು, ಎಲೆ ದೂರದೂರ ಬಂದರೆ ಬೆಳಕು ಸಾಲದು ಎಂದರ್ಥ. ಮನಿ ಪ್ಲಾಂಟ್ ಎಲೆಯ ಬಿಳಿ, ಹಳದಿ ಪಟ್ಟೆ ಮಾಸುವುದಕ್ಕೂ ಇದೇ ಕಾರಣ. ಗಲ್ಲಾಪೆಟ್ಟಿಗೆ ಹಿಂದಿನ ಮೂಲೆಯಿಂದ ಬಾಗಿಲ ಹತ್ತಿರಕ್ಕೆ ಸ್ವಲ್ಪ ಸ್ವಲ್ಪವಾಗಿ ತನ್ನಿ. ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಎಲೆ ಸುಡುತ್ತದೆ. ಎಸಿ ಗಾಳಿ ನೇರವಾಗಿ ಬಡಿಯುವ ಜಾಗವೂ ಬೇಡ.

ರಸ್ತೆ ಬದಿಯ ಅಂಗಡಿಗಳಲ್ಲಿ ಎಲೆ ಮೇಲೆ ಧೂಳು ಕೂತು ಬೆಳಕು ತಡೆಯುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಬದಿ ಒರೆಸಿ. ಹೊಳಪಿಗೆಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅದು ಎಲೆಯ ಉಸಿರಾಟದ ರಂಧ್ರ ಮುಚ್ಚಿ ಇನ್ನಷ್ಟು ಧೂಳು ಹಿಡಿಯುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದರೆ ಗಿಡ ಒಂದೇ ಕಡೆಗೆ ವಾಲುವುದಿಲ್ಲ. ಉದ್ದ ಬಳ್ಳಿಗಳ ತುದಿ ಕತ್ತರಿಸಿ ಅದೇ ಕುಂಡದ ಬೋಳು ಜಾಗದಲ್ಲಿ ಚುಚ್ಚಿದರೆ ತುಂಬಿಕೊಂಡು ಬೆಳೆಯುತ್ತದೆ.

ದಾಸವಾಳದ ಚಿಗುರಿನಲ್ಲಿ ಹತ್ತಿಯಂತೆ ಬೆಳ್ಳಗೆ ಕಂಡರೆ ಅದು ಹಿಟ್ಟು ತಿಗಣೆ. ಇರುವೆ ಓಡಾಡುತ್ತಿದ್ದರೆ ಅನುಮಾನವೇ ಬೇಡ, ತಿಗಣೆ ಬಿಡುವ ಸಿಹಿ ಅಂಟಿಗೆ ಅವು ಬರುತ್ತವೆ. ಹೆಚ್ಚು ಹತ್ತಿದ ತುದಿ ಕತ್ತರಿಸಿ ಹಾಕಿ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಕಲಕಿ ಸಂಜೆ ಹೊತ್ತು ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಬೇಕು.

ಇವನ್ನು ಮಾಡಬೇಡಿ

* ಸೊರಗಿದ ಗಿಡಕ್ಕೆ ಯೂರಿಯಾ, ಡಿಎಪಿ ಹಾಕಬೇಡಿ. ನೊಂದ ಬೇರು ಸುಟ್ಟು ಹೋಗುತ್ತದೆ. ಹೊಸ ಎಲೆ ಬಂದ ಮೇಲೆ ಒಂದು ಹಿಡಿ ಎರೆಹುಳು ಗೊಬ್ಬರ ಸಾಕು.
* ಸಕ್ಕರೆ, ಹಾಲು ಬೆರೆತ ಟೀ ಚರಟ ಹಾಕಬೇಡಿ. ಇರುವೆ, ಬೂಸ್ಟು ಬರುತ್ತದೆ. ಹಾಕುವುದಾದರೆ ತೊಳೆದು ಒಣಗಿಸಿ ಹಾಕಿ.
* ಮನಿ ಪ್ಲಾಂಟ್ ಕತ್ತರಿಸಿದ ಮೇಲೆ ಕೈ ತೊಳೆಯಿರಿ. ಅದರ ರಸದಿಂದ ಬಾಯಿ, ಚರ್ಮ ಉರಿಯುತ್ತದೆ. ಸಣ್ಣ ಮಕ್ಕಳು, ಸಾಕುಪ್ರಾಣಿಗಳು ಎಲೆ ಕಚ್ಚದಂತೆ ಎತ್ತರದಲ್ಲಿಡಿ.

ಇಷ್ಟಾದರೂ ಗಿಡ ಚೇತರಿಸದಿದ್ದರೆ ರೋಗ ಬಂದ ಎಲೆಯೊಂದನ್ನು ಕವರ್‌ನಲ್ಲಿ ಹಾಕಿಕೊಂಡು ತಾಲೂಕು ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ಅಥವಾ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ ಕೇಳಬಹುದು. ಹೋಗುವಾಗ ಎಷ್ಟು ದಿನಕ್ಕೊಮ್ಮೆ ನೀರು ಹಾಕುತ್ತೀರಿ, ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಅನ್ನೋದನ್ನು ನೆನಪಿಟ್ಟುಕೊಂಡು ಹೋಗಿ. ಎಲೆಗಿಂತ ಮೊದಲು ಕೇಳುವುದು ಅದನ್ನೇ.