‘ಹರಕತ್ತು’ ಎಂದರೆ ಚಲನೆ

ಹಳಿಯಾಳ, ಮುಂಡಗೋಡ ಕಡೆಯ ಹಿರಿಯರು ‘ಹರಕತ್ತಿಲ್ಲ’ ಎನ್ನುವುದನ್ನು ನೀವು ಕೇಳಿರಬಹುದು. ಅಡ್ಡಿಯಿಲ್ಲ, ಆಗಲಿ ಎಂದು ಅರ್ಥ. ಅರಬ್ಬಿಯಲ್ಲಿ ಹುಟ್ಟಿ ಫಾರಸಿಯ ಮೂಲಕ ಬಂದ ಈ ಶಬ್ದದ ಮೂಲ ಅರ್ಥ ಮಾತ್ರ ‘ಚಲನೆ’! ದಾಂಡೇಲಿಯ ಕಾರ್ಖಾನೆಯಲ್ಲಿ ತಯಾರಾಗುವ ‘ಕಾಗದ’ವೂ ಫಾರಸಿಯಿಂದ ಬಂದ ಶಬ್ದವೇ.

ಚಲನೆಯೆಂದರೆ ಸ್ಥಾನ ಬದಲಾಗುವುದು ಎಂದು ಶಾಲೆಯಲ್ಲಿ ಕಲಿಸುತ್ತೇವೆ. ಬಸ್ಸು ಚಲಿಸುತ್ತದೆ, ನಿಲ್ದಾಣದ ಕಂಬ ಚಲಿಸುವುದಿಲ್ಲ. ಹಿಂದಿನ ತತ್ವಜ್ಞಾನಿಗಳಿಗೆ ಮಾವಿನಕಾಯಿ ಹಳದಿಗೆ ತಿರುಗುವುದೂ, ಮಗು ಬೆಳೆಯುವುದೂ ಚಲನೆಯೇ ಆಗಿತ್ತು. ಆದರೆ ಇಬ್ನ್ ಸೀನಾ (980-1037) ಒಂದು ಗೆರೆ ಎಳೆದ. ಬಣ್ಣ, ಅಳತೆ, ಸ್ಥಾನ ಮೆಲ್ಲಮೆಲ್ಲನೆ ಬದಲಾಗಬಹುದು; ಅವನ್ನು ಹೊತ್ತಿರುವ ದ್ರವ್ಯ ಹಾಗೆ ಬದಲಾಗಲಾರದು. ಅದೂ ಚಲಿಸಿದರೆ, ‘ಚಲಿಸಿದ್ದು ಯಾವುದು’ ಎಂದು ಹೇಳಲು ಉಳಿಯುವುದೇನು? ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ಆದರೆ ಒಳ್ಳೆಯ ಪ್ರಶ್ನೆ.

ಇದಕ್ಕೆ ಉತ್ತರ ಕೊಟ್ಟವನು ಶಿರಾಜಿನ ಮುಲ್ಲಾ ಸದ್ರಾ (ಸುಮಾರು 1571-1640). ಶಿರಾಜು ನಮಗೆ ತೀರ ಪರಕೀಯ ಊರಲ್ಲ. ಅಲ್ಲಿಯ ಗಣಿತಜ್ಞ, ತತ್ವಜ್ಞಾನಿ ಫತೇಉಲ್ಲಾ ಶಿರಾಜಿ ವಿಜಾಪುರದ ಒಂದನೆಯ ಅಲಿ ಆದಿಲ್ ಶಾಹನ ಆಸ್ಥಾನದಲ್ಲಿದ್ದು, 1583ರಲ್ಲಿ ಅಕ್ಬರನ ಬಳಿಗೆ ಹೋದ.

ಸದ್ರಾ ಹೇಳಿದ್ದು ಇಷ್ಟು: ದ್ರವ್ಯವೇ ಹರಿಯುತ್ತಿದೆ. ಹರಿವು ಎಲ್ಲಿಯೂ ಕಡಿಯದ ಕಾರಣ ವಸ್ತು ಅದೇ ವಸ್ತುವಾಗಿ ಉಳಿಯುತ್ತದೆ. ಕಾಲವೆಂಬುದು ಆ ಹರಿವಿನ ಅಳತೆ. ಇದರ ಹೆಸರಲ್ಲೂ ನಮ್ಮ ಹರಕತ್ತು ಇದೆ: ‘ಹರಕತೆ ಜೌಹರಿ’. ಜೊಯಿಡಾದ ಕಾಡಿನಲ್ಲಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಕಾಳಿ ನದಿಯನ್ನು ನೆನೆಯಿರಿ. ನೀರು ಬೇರೆಯಾದರೂ ನದಿ ಒಂದೇ.

ದಾಂಡೇಲಿಯಲ್ಲಿ ಮರವನ್ನು ರಾಸಾಯನಿಕಗಳಲ್ಲಿ ಬೇಯಿಸಿದಾಗ ಲಿಗ್ನಿನ್ ಕರಗಿಹೋಗುತ್ತದೆ, ಸೆಲ್ಯುಲೋಸ್ ನಾರು ಉಳಿದು ಕಾಗದವಾಗುತ್ತದೆ. ಇಲ್ಲಿ ಇಬ್ನ್ ಸೀನಾನೇ ಗೆಲ್ಲಬಹುದು. ಆದರೆ ತೇಗದ ಬೀಜ ಮೊಳೆತು ಮರವಾಗುವಾಗ, ಬೀಜ ಎಲ್ಲಿಗೆ ಮುಗಿಯಿತು, ಮರ ಎಲ್ಲಿ ಶುರುವಾಯಿತು? ಗೆರೆ ಎಳೆಯಿರಿ, ನೋಡೋಣ.

ಕವಿ ರೂಮಿ (1207-1273) ಇವನಿಗಿಂತ ಮೊದಲೇ ‘ಮಸ್ನವಿ’ಯಲ್ಲಿ ಖನಿಜದಿಂದ ಸಸ್ಯ, ಸಸ್ಯದಿಂದ ಪ್ರಾಣಿ, ಪ್ರಾಣಿಯಿಂದ ಮನುಷ್ಯ, ಅಲ್ಲಿಂದಲೂ ಮೇಲೆ ಎಂದು ಏರುವ ಜೀವವನ್ನು ಚಿತ್ರಿಸಿದ್ದ. ಇದನ್ನೇ ಕೆಲವರು ಡಾರ್ವಿನ್ನನ ವಿಕಾಸವಾದ ಎನ್ನುತ್ತಾರೆ. ನನಗದು ಒಪ್ಪಿಗೆಯಿಲ್ಲ. ರೂಮಿಯ ಏರಿಕೆಗೆ ದೇವರೆಂಬ ಗುರಿಯಿದೆ; ಡಾರ್ವಿನ್ನನ ವಿಕಾಸಕ್ಕೆ ಮುಂಚೆಯೇ ಗೊತ್ತುಮಾಡಿದ ಗುರಿಯಿಲ್ಲ.

ಫಲಿತಾಂಶದ ದಿನ ಪಾಲಕರು ಮಗನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ‘ನಮ್ಮ ಹುಡುಗ ಇಷ್ಟೇ ಸರ್’ ಎನ್ನುವುದುಂಟು. ಸದ್ರಾನ ಲೆಕ್ಕದಲ್ಲಿ ಈ ‘ಇಷ್ಟೇ’ಗೆ ಜಾಗವಿಲ್ಲ. ಆತ್ಮವು ದೇಹದೊಡನೆ ಆರಂಭವಾಗಿ ಹಂತಹಂತವಾಗಿ ಅರಳುತ್ತದೆ; ಕಲಿಕೆ ಗೋಡೆಗೆ ಬಳಿದ ಸುಣ್ಣದಂತಲ್ಲ, ಕಲಿತವನ ಇರವನ್ನೇ ಬದಲಿಸುತ್ತದೆ ಎಂಬುದು ಅವನ ಮತ. ಅಂಕಪಟ್ಟಿ ತೋರಿಸುವುದು ಮಾರ್ಚ್ ತಿಂಗಳ ಹುಡುಗನನ್ನು; ಪಾಲಕರ ಪಕ್ಕದಲ್ಲಿ ನಿಂತಿರುವವನು ಮೇ ತಿಂಗಳವನು.

ಇಂತಹ ವಿಚಾರದ ಇನ್ನೊಂದು ಮುಖ ಮುಂಡಗೋಡಿನಲ್ಲೇ ಇದೆ. 1966ರಲ್ಲಿ ಆರಂಭವಾದ ಟಿಬೆಟನ್ ನೆಲೆಯ ಡ್ರೆಪುಂಗ್, ಗಾಂದೆನ್ ಮಠಗಳಲ್ಲಿ ಭಿಕ್ಷುಗಳು ಬೌದ್ಧರ ಕ್ಷಣಿಕವಾದವನ್ನು ಓದುತ್ತಾರೆ. ಪ್ರತಿ ಕ್ಷಣವೂ ವಸ್ತು ಅಳಿದು, ಮರುಕ್ಷಣ ಹೊಸದು ಹುಟ್ಟುತ್ತದೆ ಎಂಬ ವಾದವದು. ಸದ್ರಾನಿಗೆ ಮಾತ್ರ ಬಿಡಿಬಿಡಿ ಕ್ಷಣಗಳಿಲ್ಲ, ಒಂದೇ ಅಖಂಡ ಹರಿವು. ಮೇಲ್ನೋಟಕ್ಕೆ ಒಂದೇ ಎನಿಸಿದರೂ ಎರಡರ ನಡುವೆ ಬಹಳ ಅಂತರವಿದೆ. ಮಠದ ಅಂಗಳದಲ್ಲಿ ಭಿಕ್ಷುಗಳು ನಿಂತು, ಚಪ್ಪಾಳೆ ತಟ್ಟಿ, ಎದುರು ಕುಳಿತವನಿಗೆ ಪ್ರಶ್ನೆ ಹಾಕುವುದನ್ನು ನೋಡಿದ್ದೀರಲ್ಲ? ಅಲ್ಲಿ ಚರ್ಚೆಯಾಗುವುದು ಇಂಥವೇ ವಿಷಯಗಳು.