ಸುಲೋಚನೆಗೂ ಮುಂಚಿನ ವೈ.ವಿ. ರಾವ್

ಮೂಡಿಗೆರೆ, ಕಳಸದ ಕಡೆಯ ಕಾಫಿ ತೋಟದ ಲೈನುಗಳಲ್ಲಿ ಕನ್ನಡ, ತುಳು, ತಮಿಳು ಒಟ್ಟೊಟ್ಟಿಗೆ ಕಿವಿಗೆ ಬೀಳುತ್ತವೆ. ಇಷ್ಟು ಭಾಷೆಯವರನ್ನು ಒಂದೇ ಪರದೆಯ ಮುಂದೆ ಕೂರಿಸಿ ಒಂದೇ ಕಥೆ ಹೇಳಲು ಮೂಕಿಚಿತ್ರಕ್ಕಿಂತ ತಕ್ಕ ಸಾಧನ ಇರಲಿಲ್ಲ. ದೃಶ್ಯಗಳ ನಡುವಿನ ಬರಹವನ್ನು ಬದಲಿಸಿದರೆ ಚಿತ್ರ ಯಾವ ಸೀಮೆಗೂ ಹೋಗಬಹುದಿತ್ತು. ಓದು ಬಾರದವರಿಗೂ ನಟನ ಮುಖ ಕಥೆ ಹೇಳುತ್ತಿತ್ತು. ನೆಲ್ಲೂರಿನ ಯರಗುಡಿಪಾಟಿ ವರದರಾವ್ ಪಳಗಿದ್ದು ಇಂಥ ಕಸುಬಿನಲ್ಲಿ. ನಟನಾಗಿ ಬಂದ ಅವರು 1930ರಲ್ಲಿ ‘ಪಾಂಡವ ನಿರ್ವಾಣ’, ‘ಸಾರಂಗಧರ’ ಮೂಕಿಗಳನ್ನು ನಿರ್ದೇಶಿಸಿದರು. 1932ರ ‘ಹರಿಮಾಯಾ’ ಗುಬ್ಬಿ ವೀರಣ್ಣನವರ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ನಿಗಾಗಿ ಮಾಡಿದ್ದು. ಎರಡು ವರ್ಷದೊಳಗೆ, 1934ರ ಮಾರ್ಚ್ 3ರಂದು, ತೆರೆಕಂಡ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ಬಂತು. ಅದರ ನಿರ್ದೇಶಕರೂ ಅವರೇ, ಲಕ್ಷ್ಮಣನ ಪಾತ್ರಧಾರಿಯೂ ಅವರೇ. ಕನ್ನಡ ಚಿತ್ರರಂಗದ ಲೆಕ್ಕವನ್ನು ನಾವು ಟಾಕಿಯಿಂದ ಶುರುಮಾಡುತ್ತೇವೆ; ಆ ಟಾಕಿಯ ಹಿಂದಿದ್ದ ಕೈ ಮೂಕಿಯಲ್ಲಿ ನುರಿತದ್ದು ಎಂಬುದನ್ನು ಮರೆಯುತ್ತೇವೆ.

ಸುಲೋಚನದ ಜೀವಾಳವೆಲ್ಲ ರಂಗಭೂಮಿಯದಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಇಂದ್ರಜಿತುವಾದ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾದ ಆರ್. ನಾಗೇಂದ್ರರಾವ್, ಸುಲೋಚನೆಯಾದ ತ್ರಿಪುರಾಂಬ, ಬರೆದುಕೊಟ್ಟ ಬೆಳ್ಳಾವೆ ನರಹರಿ ಶಾಸ್ತ್ರಿ, ಎಲ್ಲರೂ ನಾಟಕದ ಮಂದಿ. ಮಾತು, ಹಾಡು, ಗತ್ತು ಅವರದೇ. ಆದರೆ ರಂಗದ ನಟ ಕೊನೆಯ ಸಾಲಿನವನಿಗೂ ಕೇಳುವಂತೆ ನುಡಿದು, ಕಾಣುವಂತೆ ಕೈಯೆತ್ತುತ್ತಾನೆ. ಕ್ಯಾಮೆರಾ ಅಂಥವನನ್ನು ಮೊಳದಳತೆಯಿಂದ ನೋಡುತ್ತದೆ. ಆ ಅಂತರವನ್ನು ಬಲ್ಲವರು ಆಗ ಮೂಕಿಯವರೇ. ನಾಟಕದಲ್ಲಿ ಯಾರಿಗೂ ಕಡಿಮೆಯಿಲ್ಲದ ವೀರಣ್ಣನವರು ಕೂಡ ‘ಹರಿಮಾಯಾ’ಕ್ಕೆ ರಾಯರನ್ನು ಕರೆದದ್ದು, ನಿರ್ಮಾಪಕ ಚಮನ್‌ಲಾಲ್ ಡುಂಗಾಜಿ ಕೊಲ್ಹಾಪುರದ ಛತ್ರಪತಿ ಸಿನೆಟೋನಿನಲ್ಲಿ ತೆಗೆದ ಸುಲೋಚನವನ್ನು ಅವರ ಕೈಗೇ ಒಪ್ಪಿಸಿದ್ದು ಇದಕ್ಕೆ ಸಾಕ್ಷಿ.

ಸುಲೋಚನದ ಪ್ರತಿಯೇ ಇಂದು ಉಳಿದಿಲ್ಲ, ನೋಡದ ಚಿತ್ರದ ನಿರ್ದೇಶಕನನ್ನು ಹೊಗಳುವುದು ಹೇಗೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಒಂದೊಂದು ದೃಶ್ಯದ ಗುಣದೋಷ ಹೇಳಲು ನಿಜಕ್ಕೂ ಬರುವುದಿಲ್ಲ. ಆದರೆ ಆಮೇಲಿನ ದಾರಿ ಕಣ್ಣಮುಂದಿದೆ. 1937ರಲ್ಲಿ ಎಂ.ಕೆ. ತ್ಯಾಗರಾಜ ಭಾಗವತರ್ ನಟಿಸಿದ ತಮಿಳಿನ ‘ಚಿಂತಾಮಣಿ’ಯನ್ನು ಅವರು ನಿರ್ದೇಶಿಸಿದರು. ಅದು ವರ್ಷಕ್ಕೂ ಮಿಕ್ಕಿ ಓಡಿತು. ಅದರ ಲಾಭದಲ್ಲಿ ಮಧುರೆಯಲ್ಲಿ ಅದೇ ಹೆಸರಿನ ಚಿತ್ರಮಂದಿರವೇ ಎದ್ದಿತು. 1939ರ ತೆಲುಗಿನ ‘ಮಳ್ಳಿ ಪೆಳ್ಳಿ’ ವಿಧವಾ ವಿವಾಹದ ಕಥೆ. ಅದರಲ್ಲಿ ನಾಯಕನೂ ಅವರೇ. ಟಾಕಿ ಬಂದು ಪ್ರೇಕ್ಷಕರು ಭಾಷೆವಾರು ಹಂಚಿಹೋದ ಕಾಲದಲ್ಲೂ ಈ ಮನುಷ್ಯ ಮೂರು ಭಾಷೆಗಳ ಪ್ರೇಕ್ಷಕರ ಮುಂದೆ ಸಲೀಸಾಗಿ ನಿಂತರು.